ತಮ್ಮನ ತರಬೇತಿ ಅರ್ಧಕ್ಕೆ ನಿಂತಿದೆ, ಮತ್ತೆ ಹೋಗಲ್ಲ ಅಂತಿದ್ದಾನೆ. ಏನು ಮಾಡೋದು?

ಅಡಿಕೆ ಊರಿನ ಅಕ್ಕ:

ಎಲ್ಲರಿಗೂ ನಮಸ್ಕಾರ. ನಮ್ಮದು ಚನ್ನಗಿರಿ ಕಡೆ ಒಂದು ಹಳ್ಳಿ. ತಮ್ಮನ ವಿಷಯ ಕೇಳಬೇಕಿತ್ತು. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಓದಿ.

ತಮ್ಮ ಅಡಿಕೆ ಕೊಯ್ಲಿಗೆ ಹೋಗುತ್ತಿದ್ದ. ಮರ ಒದ್ದೆಯಾಗಿತ್ತು, ಜಾರಿ ಬಿದ್ದ. ಬೆನ್ನುಹುರಿಗೆ ಪೆಟ್ಟಾಯಿತು. ಆಪರೇಷನ್ ಆದರೂ ಸೊಂಟದ ಕೆಳಗೆ ಬಲ ಬರಲಿಲ್ಲ, ಮುಟ್ಟಿದರೂ ಗೊತ್ತಾಗುವುದಿಲ್ಲ. ಕೈ ಎರಡೂ ಚೆನ್ನಾಗಿವೆ. ತುಂಬಾ ದಿನ ಯಾರ ಜೊತೆಗೂ ಮಾತಾಡದೆ ಮಲಗಿದ್ದವನು ನಿಧಾನಕ್ಕೆ ಎದ್ದು ಕೂತ, ಗಾಲಿಕುರ್ಚಿ ಕಲಿತ, ಆಮೇಲೆ ಒಂದು ದಿನ ತಾನೇ ಬಾಯಿಬಿಟ್ಟು ಮೊಬೈಲ್ ರಿಪೇರಿ ಕಲೀತೀನಿ ಅಂದ. ನಮಗೆಲ್ಲ ಹಬ್ಬದಷ್ಟು ಖುಷಿ. ದಾವಣಗೆರೆಯಲ್ಲಿ ಒಂದು ತರಬೇತಿ ಕೇಂದ್ರಕ್ಕೆ ಸೇರಿಸಿದೆವು. ಚಿಕ್ಕಪ್ಪನ ಮನೆಯಲ್ಲಿ ಇದ್ದುಕೊಂಡು ದಿನಾ ಆಟೋದಲ್ಲಿ ಹೋಗಿ ಬರುತ್ತಿದ್ದ.

ಮೊದಲು ಮೂತ್ರದ ಸೋಂಕಾಗಿ ಜ್ವರ ಬಂತು, ಒಂದಿಷ್ಟು ದಿನ ಹೋಗಲಿಲ್ಲ. ಮತ್ತೆ ಸೇರಿಕೊಂಡ. ಆಮೇಲೆ ಕೂರುವ ಜಾಗದಲ್ಲಿ ಬೆಡ್‌ಸೋರ್, ಅಂದರೆ ಒಂದೇ ಕಡೆ ಒತ್ತಿ ಆಗುವ ಹುಣ್ಣು, ಆಯಿತು. ಅವನಿಗೆ ನೋವೇ ಗೊತ್ತಾಗಲ್ಲ ಅಲ್ವಾ, ಬಟ್ಟೆಗೆ ಕಲೆ ಆದಾಗಲೇ ನೋಡಿದ್ದು. ಆಸ್ಪತ್ರೆ, ಡ್ರೆಸ್ಸಿಂಗ್, ಮತ್ತೆ ಮಲಗಿದ್ದಲ್ಲೇ. ಇತ್ತ ಕೇಂದ್ರದವರು ಹಾಜರಾತಿ ಇಲ್ಲ ಅಂತ ಹೆಸರು ತೆಗೆದರು. ಮುಂದಿನ ಬ್ಯಾಚಿಗೆ ಮೊದಲಿನಿಂದ ಸೇರಿಕೊಳ್ಳಲಿ ಅಂದರು.

ಈಗ ಗಾಯ ಹೆಚ್ಚುಕಡಿಮೆ ಮುಚ್ಚಿದೆ. ಆದರೆ ಅವನು ಬೇಡ ಅಕ್ಕ, ಸುಮ್ನೆ ಬಿಟ್ಬಿಡು ಅಂತಾನೆ. ನೆಂಟರು ಬಂದವರು ಪಾಪ ಅವನ ಹಣೆಬರಹ, ಮನೇಲೇ ಇರಲಿ ಬಿಡು ಅಂತಾರೆ. ಅವನ ಕಿವಿಗೆ ಬೀಳುವ ಹಾಗೇ ಅಂತಾರೆ.

ನನ್ನ ಪ್ರಶ್ನೆ ಇಷ್ಟು. ಮತ್ತೆ ಕಳಿಸಲು ಎಷ್ಟು ದಿನ ಕಾಯಬೇಕು? ಮೊದಲಿನಿಂದ ಶುರು ಮಾಡಲೇಬೇಕಾ? ಅಥವಾ ಕೆಲಸವನ್ನೇ ಬದಲಾಯಿಸಬೇಕಾ? ಇಂಥದ್ದನ್ನು ದಾಟಿದವರು ಯಾರಾದರೂ ಇದ್ದರೆ ಹೇಳಿ.

ಕೋಟೆ ಕೆಳಗಿನವನು, ಚಿತ್ರದುರ್ಗ:

ಅಕ್ಕಾ, ನಾನೂ ಗಾಲಿಕುರ್ಚಿಯವನೇ. ಹೈವೇಯಲ್ಲಿ ಬೈಕ್ ಅಪಘಾತ, ಬೆನ್ನುಹುರಿ. ಈಗ ದುರ್ಗದಲ್ಲಿ ಆನ್‌ಲೈನ್ ಅರ್ಜಿ ಹಾಕಿಕೊಡುವ ಸೇವಾ ಕೇಂದ್ರದಲ್ಲಿ ಕೆಲಸ ಮಾಡುತ್ತೀನಿ. ನಿಮ್ಮ ತಮ್ಮನಿಗೆ ಆದ ಎರಡೂ ನನಗೂ ಆಗಿವೆ. ನನ್ನ ಜೊತೆ ವಾರ್ಡಿನಲ್ಲಿದ್ದ ಸುಮಾರು ಜನರಿಗೂ ಆಗಿವೆ. ಇದನ್ನು ಮೊದಲು ಅವನಿಗೆ ಹೇಳಿ. ನಿನ್ನ ಕೈಲಾಗಲಿಲ್ಲ ಅಂತ ಅಲ್ಲ, ಈ ಪೆಟ್ಟಾದವರಿಗೆ ದಾರಿಯಲ್ಲಿ ಇವೆರಡು ಬಂದೇ ಬರುತ್ತವೆ ಅಂತ ಎಣಿಸಿಕೊಂಡೇ ಹೊರಡಬೇಕು. ಅದನ್ನು ಸೇರುವಾಗಲೇ ಯಾರೂ ಹೇಳುವುದಿಲ್ಲ. ಹೇಳಿದ್ದರೆ ತರಬೇತಿಯವರೂ ಅದಕ್ಕೆ ಜಾಗ ಇಟ್ಟುಕೊಳ್ಳುತ್ತಿದ್ದರು, ಹುಡುಗನೂ ಎದೆಗುಂದುತ್ತಿರಲಿಲ್ಲ.

ಎಷ್ಟು ದಿನ ಕಾಯಬೇಕು ಅಂತ ಕೇಳಿದ್ದೀರಿ. ನಾನು ಹೇಳೋದು, ದಿನ ಎಣಿಸಬೇಡಿ. ಹುಣ್ಣು ಯಾಕಾಯಿತು ಅಂತ ಹುಡುಕಿ. ಅದು ಗೊತ್ತಾಗದೆ ಕಳಿಸಿದರೆ ಮತ್ತೆ ಅದೇ ಜಾಗದಲ್ಲಿ ಆಗುತ್ತೆ, ಒಮ್ಮೆ ಆದ ಜಾಗದ ಚರ್ಮ ಮೊದಲಿನಷ್ಟು ಗಟ್ಟಿ ಇರೋದಿಲ್ಲ.

ನಮಗೆಲ್ಲ ಕೂತಾಗ ಭಾರವೆಲ್ಲ ಕೂರುವ ಮೂಳೆ ಎರಡರ ಮೇಲೇ ಬೀಳುತ್ತೆ. ಸ್ಪರ್ಶ ಇರುವವರು ಗೊತ್ತಿಲ್ಲದೇ ಮಿಸುಕಾಡುತ್ತಾ ಇರುತ್ತಾರೆ. ನಾವು ಮಿಸುಕಾಡೋದಿಲ್ಲ, ಅಲ್ಲಿ ರಕ್ತ ಓಡಾಡೋದು ನಿಲ್ಲುತ್ತೆ. ಮೊಬೈಲ್ ರಿಪೇರಿ ಅಂದರೆ ತಲೆ ಬಗ್ಗಿಸಿ ಒಂದೇ ಕಡೆ ಗಂಟೆಗಟ್ಟಲೆ ಕೂರುವ ಕೆಲಸ. ಅದರಲ್ಲಿ ಮುಳುಗಿದರೆ ಹೊತ್ತು ಹೋಗಿದ್ದೇ ತಿಳಿಯಲ್ಲ. ಅದಕ್ಕೇ ಹದಿನೈದು ಇಪ್ಪತ್ತು ನಿಮಿಷಕ್ಕೆ ಒಂದು ಸಲ ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಲಿ. ಅಲಾರಂ ಬಂದಾಗ ಬ್ರೇಕ್ ಹಾಕಿ, ಎದೆ ತೊಡೆಗೆ ತಾಗುವ ಹಾಗೆ ಮುಂದಕ್ಕೆ ಬಾಗಬೇಕು, ಇಲ್ಲಾ ಪಕ್ಕದ ಟೇಬಲ್ಲಿಗೆ ಮೊಣಕೈ ಊರಿ ಒಂದೊಂದೇ ಕಡೆ ಎತ್ತಬೇಕು, ಎರಡು ನಿಮಿಷ ಹಾಗೇ ಇರಬೇಕು. ಕೈಯೂರಿ ಐದು ಸೆಕೆಂಡ್ ಮೇಲಕ್ಕೆದ್ದು ಕೂತರೆ ಸಾಲಲ್ಲ, ರಕ್ತ ವಾಪಸ್ ಬರೋಕೆ ಅಷ್ಟು ಹೊತ್ತು ಬೇಕು.

ಕ್ಲಾಸಿನಲ್ಲಿ ಎಲ್ಲರ ಮುಂದೆ ಹೀಗೆ ಬಾಗೋಕೆ ನಾಚಿಕೆ ಆಗುತ್ತೆ. ತಮ್ಮನಿಗೂ ಆಗಿರಬಹುದು, ಕೇಳಿ ನೋಡಿ. ಮೊದಲ ದಿನವೇ ಮೇಷ್ಟ್ರು ಎಲ್ಲರಿಗೂ ಹೇಳಿಬಿಟ್ಟರೆ ಆ ನಾಚಿಕೆ ಅರ್ಧ ಹೋಗುತ್ತೆ.

ಮೂತ್ರದ ಸೋಂಕಿಗೂ ಹೀಗೇ. ಕೇಂದ್ರದಲ್ಲಿ ಗಾಲಿಕುರ್ಚಿ ಹೋಗುವಂಥ ಟಾಯ್ಲೆಟ್ ಇದೆಯಾ? ಬಾಗಿಲು ಹಿಡಿಸುತ್ತಾ? ಇಲ್ಲದಿದ್ದರೆ ಹುಡುಗರು ಏನು ಮಾಡ್ತಾರೆ ಗೊತ್ತಾ, ಬೆಳಿಗ್ಗೆಯಿಂದ ನೀರೇ ಕುಡಿಯಲ್ಲ. ದಾವಣಗೆರೆ ಬಿಸಿಲಿನಲ್ಲಿ ನೀರು ಕುಡಿಯದೆ, ನಾಲ್ಕರಿಂದ ಆರು ಗಂಟೆಗೆ ಒಂದು ಸಲ ಹಾಕಬೇಕಾದ ಕ್ಯಾಥೆಟರನ್ನು (ಮೂತ್ರ ಹೊರಗೆ ತೆಗೆಯುವ ನಳಿಕೆ) ಸಂಜೆ ಮನೆಗೆ ಬಂದ ಮೇಲೆ ಹಾಕಿಕೊಂಡರೆ ಸೋಂಕು ಆಗದೆ ಇರುತ್ತಾ?

ಹರಿಹರದವ:

ತಂಗೀ, ನಾನು ಹೇಳೋದನ್ನ ತಪ್ಪು ತಿಳೀಬೇಡ. ಎರಡು ಸಲ ಪೆಟ್ಟು ತಿಂದಿದ್ದಾನೆ ಹುಡುಗ. ದಾವಣಗೆರೆವರೆಗೆ ಓಡಾಟ ಯಾಕೆ? ಮನೆ ಮುಂದೆ ಒಂದು ಪೆಟ್ಟಿಗೆ ಅಂಗಡಿ ಹಾಕಿಕೊಡಿ. ಬೀಡಿ, ಬಿಸ್ಕತ್ತು, ಕರೆನ್ಸಿ ರೀಚಾರ್ಜ್. ಊರವರು ಬರ್ತಾರೆ, ಮಾತಾಡ್ತಾರೆ, ಮನಸ್ಸೂ ಹಗುರ ಆಗುತ್ತೆ. ಮಾಸಾಶನವೂ ಬರುತ್ತೆ ಅಲ್ವಾ.

ಕೋಟೆ ಕೆಳಗಿನವನು, ಚಿತ್ರದುರ್ಗ:

ಅಣ್ಣಾ, ನಿಮ್ಮ ಕಾಳಜಿ ಅರ್ಥ ಆಗುತ್ತೆ. ಅಂಗಡಿ ಕೆಟ್ಟದ್ದಲ್ಲ, ಅವನಿಗೆ ಮನಸ್ಸಿದ್ದರೆ ಖಂಡಿತಾ ಹಾಕಲಿ. ಆದರೆ ಪೆಟ್ಟಿಗೆ ಅಂಗಡಿಯಲ್ಲಿ ಕೂರೋದು ಬೆಳಿಗ್ಗೆ ಆರರಿಂದ ರಾತ್ರಿ ಒಂಬತ್ತರವರೆಗೆ. ತರಬೇತಿಗಿಂತ ಜಾಸ್ತಿ ಹೊತ್ತು! ಕೂರುವ ರೀತಿ ಸರಿ ಆಗದೆ ಅಂಗಡಿ ಹಾಕಿಕೊಟ್ಟರೆ ಹುಣ್ಣು ಅಂಗಡಿಗೂ ಬರುತ್ತೆ. ಆಗ ಹಾಕಿದ ದುಡ್ಡೂ ಹೋಗುತ್ತೆ. ಕೆಲಸ ಯಾವುದೇ ಆಗಲಿ, ಮೊದಲು ಕುರ್ಚಿ, ಟಾಯ್ಲೆಟ್, ಹೊತ್ತು ಈ ಮೂರು ಸರಿ ಆಗಬೇಕು.

ಇನ್ನೊಂದು ಮಾತು. ರಿಪೇರಿ ಕಲೀತೀನಿ ಅಂದದ್ದು ಅವನೇ. ಬಿದ್ದ ಮೇಲೆ ಅವನು ತಾನಾಗಿ ಬಾಯಿಬಿಟ್ಟು ಕೇಳಿದ ಮೊದಲನೇ ವಸ್ತು ಅದು. ಅದನ್ನು ನಾವ್ಯಾರೂ ಅಷ್ಟು ಸುಲಭಕ್ಕೆ ಬದಲಾಯಿಸಬಾರದು.

ನಾನು ವೆಲ್ಲೂರಿನಲ್ಲಿ ಇದ್ದಾಗ ಅಲ್ಲಿ ಡಾಕ್ಟರ್ ಮೇರಿ ವರ್ಗೀಸ್ ಅವರ ಕಥೆ ಕೇಳಿದ್ದೆ. 1954ರಲ್ಲಿ ವಾಹನ ಅಪಘಾತದಲ್ಲಿ ಅವರ ಬೆನ್ನುಹುರಿಗೆ ಪೆಟ್ಟಾಯಿತು. ಆಗಿನ್ನೂ ಚಿಕ್ಕ ವಯಸ್ಸಿನ ಡಾಕ್ಟರು. ಆಮೇಲೆ ಗಾಲಿಕುರ್ಚಿಯಲ್ಲೇ ಕೂತು ಕುಷ್ಠ ಆದವರ ಕೈಗಳಿಗೆ ಆಪರೇಷನ್ ಮಾಡೋದು ಕಲಿತರು, ಅಮೆರಿಕಕ್ಕೆ ಹೋಗಿ ಪುನರ್ವಸತಿ ವೈದ್ಯ ಓದಿ ಬಂದರು. ವೆಲ್ಲೂರಿನ ಪುನರ್ವಸತಿ ಸಂಸ್ಥೆ 1966ರಲ್ಲಿ ಶುರುವಾಗಿದ್ದು ಅವರಿಂದಲೇ. ತಮ್ಮನಿಗೆ ಇದನ್ನು ಉಪದೇಶದ ಹಾಗೆ ಹೇಳಬೇಡಿ, ಅದು ಇನ್ನೂ ಭಾರ ಆಗುತ್ತೆ. ಅವರೂ ಅಪಘಾತ ಆದ ಮೇಲೆ ಮೊದಲಿನ ಕೆಲಸಕ್ಕೆ ಹಾಗೇ ವಾಪಸ್ ಹೋಗಲಿಲ್ಲ, ಕೂತು ಮಾಡಬಹುದಾದ ಆಪರೇಷನ್ ಹುಡುಕಿಕೊಂಡರು, ಅಷ್ಟು ಹೇಳಿ ಸಾಕು.

ಥೆರಪಿಯವಳು, ದಾವಣಗೆರೆ:

ನಾನು ಆಕ್ಯುಪೇಷನಲ್ ಥೆರಪಿಸ್ಟ್, ಅಂದರೆ ಪೆಟ್ಟಾದವರು ದಿನದ ಕೆಲಸಗಳಿಗೆ ವಾಪಸ್ ಹೋಗೋಕೆ ನೆರವಾಗುವವಳು. ಮೇಲೆ ದುರ್ಗದವರು ಹೇಳಿದ್ದೆಲ್ಲ ಸರಿ ಇದೆ. ನಾನು ವಾಪಸ್ ಹೋಗೋದು ಹೇಗೆ ಅನ್ನೋದನ್ನ ಹೇಳ್ತೀನಿ.

ಗಾಯ ಹೆಚ್ಚುಕಡಿಮೆ ಮುಚ್ಚಿದೆ ಅಂದಿರಿ. ಪೂರ್ತಿ ಮುಚ್ಚಿದೆ ಅಂತ ಡಾಕ್ಟರು ಹೇಳುವವರೆಗೆ ಅದರ ಮೇಲೆ ಕೂರಿಸಬೇಡಿ. ಹೇಳಿದ ಮೇಲೂ ಒಮ್ಮೆಲೇ ಇಡೀ ದಿನ ಬೇಡ. ಮೊದಲು ಹದಿನೈದು ನಿಮಿಷ ಕೂರಲಿ, ಮಲಗಲಿ, ನೀವು ಚರ್ಮ ನೋಡಿ. ಅವನೇ ಕನ್ನಡಿ ಹಿಡಿದು ನೋಡಿಕೊಳ್ಳೋದು ಕಲಿತರೆ ಇನ್ನೂ ಒಳ್ಳೆಯದು, ಯಾಕಂದರೆ ಅಕ್ಕ ಯಾವಾಗಲೂ ಜೊತೆಗೆ ಇರೋಕಾಗಲ್ಲ. ಕೆಂಪಾಗಿದ್ದು ಅರ್ಧ ಗಂಟೆಯೊಳಗೆ ಹೋಗದಿದ್ದರೆ ಅವತ್ತಿಗೆ ನಿಲ್ಲಿಸಿ, ಮಾರನೇ ದಿನ ಹೊತ್ತು ಕಡಿಮೆ ಮಾಡಿ. ಕೆಂಪು ಉಳಿಯದಿದ್ದರೆ ಸ್ವಲ್ಪ ಸ್ವಲ್ಪ ಜಾಸ್ತಿ ಮಾಡುತ್ತಾ ಹೋಗಿ. ಎರಡು ಗಂಟೆ ಆರಾಮಾಗಿ ಕೂರೋಕೆ ಬಂತು ಅಂದರೆ ಎರಡು ಗಂಟೆಯ ತರಬೇತಿಗೆ ಅವನು ತಯಾರು ಅಂತ ಅರ್ಥ. ಎಂಟು ಗಂಟೆಗೆ ತಯಾರಾಗುವವರೆಗೆ ಮನೆಯಲ್ಲೇ ಇರಲಿ ಅಂತ ಕಾಯೋದು ಬೇಡ. ಆ ಕಾಯುವ ಹೊತ್ತಿನಲ್ಲೇ ಮನಸ್ಸು ಕೈಬಿಡೋದು. ನನಗೆ ಗಾಯಕ್ಕಿಂತ ಅದರ ಚಿಂತೆ ಜಾಸ್ತಿ.

ಇನ್ನು ಕೇಂದ್ರದವರ ವಿಷಯ. ಅರ್ಧ ದಿನ ಬರ್ತಾನೆ, ಕಲಿತ ಪಾಠ ಬಿಟ್ಟು ಮುಂದಿನದಕ್ಕೆ ಸೇರಿಸಿಕೊಳ್ಳಿ, ಟೇಬಲ್ ಎತ್ತರ ಮಾಡಿಕೊಡಿ ಅಂತ ಬರವಣಿಗೆಯಲ್ಲಿ ಕೇಳಿ. ಬಾಯಿಮಾತಿನಲ್ಲಿ ಕೇಳಿದರೆ ಬಾಯಿಮಾತಿನಲ್ಲೇ ಇಲ್ಲ ಅಂತಾರೆ. ಡಿಸ್ಚಾರ್ಜ್ ಸಮ್ಮರಿ ಜೊತೆಗೆ ಇಡಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ರೀಸನಬಲ್ ಅಕಾಮಡೇಷನ್ ಅಂತ ಒಂದು ಮಾತಿದೆ. ಬೇರೆಯವರಿಗೆ ಅತಿಯಾದ ಹೊರೆ ಆಗದಂತೆ ಈ ವ್ಯಕ್ತಿಗೆ ಬೇಕಾದ ಬದಲಾವಣೆ ಮಾಡಿಕೊಡೋದು ಅಂತ ಅದರ ಅರ್ಥ. ಸರ್ಕಾರದ ದುಡ್ಡಿನಲ್ಲಿ ನಡೆಯುವ ತರಬೇತಿಯಾದರೆ ಇದನ್ನು ಕೇಳೋಕೆ ನಿಮಗೆ ಗಟ್ಟಿ ನೆಲೆ ಇದೆ. ಜಗಳಕ್ಕೆ ಹೋಗಬೇಡಿ, ಆದರೆ ಪತ್ರದಲ್ಲಿ ಆ ಕಾಯ್ದೆಯ ಹೆಸರು ಇರಲಿ.

ಊರಿನಲ್ಲಿ ಗ್ರಾಮ ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯೂ ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರ್ತಾರೆ, ತಾಲೂಕು ಪಂಚಾಯಿತಿಯಲ್ಲಿ ಎಂಆರ್‌ಡಬ್ಲ್ಯೂ ಅಂದರೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು. ಇವರನ್ನು ಮಾಸಾಶನದ ಅರ್ಜಿಗೆ ಮಾತ್ರ ಅಂತ ಜನ ಅಂದುಕೊಂಡಿದ್ದಾರೆ. ಕೇಂದ್ರದವರ ಜೊತೆ ಮಾತಾಡೋಕೂ ಅವರನ್ನು ಕರ್ಕೊಂಡು ಹೋಗಿ. ದಾವಣಗೆರೆಯಲ್ಲೇ ಕೇಂದ್ರ ಸರ್ಕಾರದ ಸಿಆರ್‌ಸಿ, ಅಂದರೆ ವಿಕಲಚೇತನರ ಪುನರ್ವಸತಿ ಕೇಂದ್ರ ಇದೆ. ಗಾಲಿಕುರ್ಚಿ, ಕೂರುವ ಭಂಗಿ, ಥೆರಪಿ ಎಲ್ಲಕ್ಕೂ ಅಲ್ಲಿ ಒಮ್ಮೆ ತೋರಿಸಿ. ಈಗಿರುವ ಕುರ್ಚಿ ಅವನ ಅಳತೆಯದ್ದೇ ಅಂತ ನೋಡಿದ್ದೀರಾ? ಪಾದದ ಹಲಗೆ ತುಂಬಾ ಮೇಲಿದ್ದರೆ ಮಂಡಿ ಎತ್ತರವಾಗಿ ಭಾರವೆಲ್ಲ ಹಿಂದಕ್ಕೆ ಬೀಳುತ್ತೆ. ಇದೊಂದರಿಂದಲೇ ಹುಣ್ಣಾದವರನ್ನು ನೋಡಿದ್ದೇನೆ.

ಪಿಜೆ ಬಡಾವಣೆ ಮೊಬೈಲ್ಸ್:

ನಾನು ದಾವಣಗೆರೆಯ ಪಿಜೆ ಬಡಾವಣೆಯಲ್ಲಿ ಮೊಬೈಲ್ ರಿಪೇರಿ ಅಂಗಡಿಯವನು. ವೈದ್ಯದ ವಿಷಯ ನನಗೆ ಗೊತ್ತಿಲ್ಲ, ಕೆಲಸದ ವಿಷಯ ಹೇಳ್ತೀನಿ.

ಮೊದಲಿನಿಂದ ಯಾಕೆ ಶುರು ಮಾಡಬೇಕು? ಎಲ್ಲಿವರೆಗೆ ಕಲಿತಿದ್ದ ಅಂತ ಕೇಳಿ. ಡಿಸ್‌ಪ್ಲೇ, ಬ್ಯಾಟರಿ, ಚಾರ್ಜಿಂಗ್ ಪಿನ್ ಬದಲಾಯಿಸೋದು ಬಂದರೆ ಅಂಗಡಿಗೆ ದಿನಾ ಬರುವ ಕೆಲಸದಲ್ಲಿ ದೊಡ್ಡ ಪಾಲು ಬಂದ ಹಾಗೆ. ಬೋರ್ಡ್ ಮೇಲಿನ ಐಸಿ, ಅಂದರೆ ಚಿಪ್ಪಿನ ಕೆಲಸ ಮಾತ್ರ ನಿಧಾನ, ಅದು ವರ್ಷಗಟ್ಟಲೆ ಕೈಪಳಗಬೇಕು. ಅದನ್ನು ಯಾವ ಕೋರ್ಸೂ ಪೂರ್ತಿ ಕಲಿಸಲ್ಲ, ಕಲಿಯೋದು ಅಂಗಡಿಯಲ್ಲೇ.

ಈಗ ಮಲಗಿರುವಾಗಲೂ ಕೈ ಸುಮ್ನೆ ಇರಬೇಕಿಲ್ಲ. ಮಲ್ಟಿಮೀಟರ್ ಒಂದು, ಕೆಟ್ಟುಹೋದ ಬೋರ್ಡ್ ನಾಲ್ಕೈದು ಕೊಡಿ. ಹಳೇ ಬೋರ್ಡ್ ನಮ್ಮಂಥ ಅಂಗಡಿಗಳಲ್ಲಿ ಡಬ್ಬಿಗಟ್ಟಲೆ ಬಿದ್ದಿರುತ್ತೆ, ಕೇಳಿದರೆ ಸುಮ್ನೆ ಕೊಡ್ತಾರೆ. ಯಾವ ಲೈನ್ ಎಲ್ಲಿಗೆ ಹೋಗುತ್ತೆ, ಎಲ್ಲಿ ಶಾರ್ಟ್ ಇದೆ ಅಂತ ಹುಡುಕೋದು ಕಲಿಯಲಿ. ಸ್ಕೀಮ್ಯಾಟಿಕ್ (ಬೋರ್ಡಿನ ಸರ್ಕ್ಯೂಟ್ ನಕ್ಷೆ) ಓದೋದು, ಸಾಫ್ಟ್‌ವೇರ್ ಹಾಕೋದು ಇವಕ್ಕೂ ಟೇಬಲ್ ಬೇಕಿಲ್ಲ. ಆದರೆ ಮಲಗಿಕೊಂಡು ಬಿಸಿ ಕೆಲಸ ಬೇಡ.

ಬಿಸಿ ಅಂದಾಗ ನೆನಪಾಯಿತು, ಇದನ್ನು ದಯವಿಟ್ಟು ಗಮನಿಸಿ. ಸೋಲ್ಡರಿಂಗ್ ಐರನ್ ತುದಿ ಮುನ್ನೂರು ಡಿಗ್ರಿ ಮೇಲೆ ಇರುತ್ತೆ. ನಮ್ಮ ತೊಡೆಗೆ ತಾಗಿದರೆ ಎಗರಿಬಿಡ್ತೀವಿ. ಅವನಿಗೆ ಗೊತ್ತೇ ಆಗಲ್ಲ. ಹಾಟ್ ಏರ್ ಗನ್ ಕೂಡ ಅಷ್ಟೇ. ತೊಡೆ ಮೇಲೆ ದಪ್ಪ ಚರ್ಮದ ಏಪ್ರನ್ ಹಾಕಿಕೊಳ್ಳಬೇಕು, ಐರನ್ ಸ್ಟ್ಯಾಂಡ್ ಟೇಬಲ್ಲಿನ ಅಂಚಿನಿಂದ ದೂರ ಇರಬೇಕು, ಬಿಸಿ ಬೋರ್ಡ್ ತೊಡೆ ಮೇಲೆ ಇಡಲೇಬಾರದು. ಕೇಂದ್ರದಲ್ಲಿ ಇದನ್ನು ಹೇಳಿದ್ದಾರೋ ಇಲ್ಲವೋ. ಇನ್ನೊಂದು ಅಡ್ಡಿ ಬರದೇ ಇರಲಿ ಅಂತ ಹೇಳ್ತಿದ್ದೀನಿ.

ಕೂರೋಕೆ ಆದ ಮೇಲೆ ನನ್ನ ಅಂಗಡಿಗೆ ಬೆಳಿಗ್ಗೆ ಹೊತ್ತು ಬರಲಿ. ಆಗ ಗಿರಾಕಿ ಕಡಿಮೆ, ನನಗೂ ಹೇಳಿಕೊಡೋಕೆ ಬಿಡುವು. ಅಂಗಡಿಗೆ ಒಂದು ಮೆಟ್ಟಿಲಿದೆ, ಹಲಗೆ ಹಾಕಿಸ್ತೀನಿ. ನಿಜವಾಗಿ ಹೇಳ್ತಿದ್ದೀನಿ, ಮೆಸೇಜ್ ಮಾಡಿ.

ಅಡಿಕೆ ಊರಿನ ಅಕ್ಕ:

ಎಲ್ಲರಿಗೂ ಕೈಮುಗಿದು ಹೇಳ್ತೀನಿ, ಇಷ್ಟು ಬರೀತೀರಿ ಅಂದುಕೊಂಡಿರಲಿಲ್ಲ. ಪೂರ್ತಿ ತಮ್ಮನಿಗೆ ಓದಿ ಹೇಳಿದೆ. ಮೊದಲು ಸುಮ್ಮನಿದ್ದ. ನೀರಿನ ವಿಷಯ ಬಂದಾಗ ಮುಖ ತಿರುಗಿಸಿಕೊಂಡ. ಆಮೇಲೆ ಹೇಳಿದ, ಅಲ್ಲಿ ಟಾಯ್ಲೆಟ್ ಬಾಗಿಲು ಚಿಕ್ಕದು, ಕುರ್ಚಿ ಹೋಗ್ತಿರಲಿಲ್ಲ, ಅದಕ್ಕೇ ಮಧ್ಯಾಹ್ನದವರೆಗೆ ಒಂದು ಗುಟುಕೂ ಕುಡೀತಿರಲಿಲ್ಲ ಅಂತ. ಯಾಕೋ ನಮಗೆ ಹೇಳಲಿಲ್ಲ ಅಂದರೆ, ಹೇಳಿದ್ದರೆ ತರಬೇತಿಯೇ ಬೇಡ ಅಂತಿದ್ರಲ್ಲ ಅಂದ. ಬಾಗೋ ವಿಷಯಕ್ಕೂ ಅಷ್ಟೇ, ಹುಡುಗರು ನೋಡ್ತಾರೆ ಅಂತ ಮಾಡುತ್ತಿರಲಿಲ್ಲವಂತೆ.

ಪಿಜೆ ಬಡಾವಣೆ ಅಣ್ಣಾ, ಬೋರ್ಡಿನ ಮಾತು ಕೇಳಿ ಅವನೇ ಕೇಳಿದ, ಆ ಅಣ್ಣ ನಿಜವಾಗ್ಲೂ ಕೊಡ್ತಾರಾ ಅಂತ. ಮೆಸೇಜ್ ಮಾಡಿದ್ದೀನಿ.

ಇನ್ನೊಂದು ಕೇಳಬೇಕು. ಈಗ ಅವನು ಕೂರೋದು ಸೈಕಲ್ ಟ್ಯೂಬ್ ಥರದ ಗಾಳಿ ತುಂಬುವ ರಿಂಗ್ ಮೇಲೆ. ಪಕ್ಕದೂರಿನವರು ಒಳ್ಳೆಯದು ಅಂತ ಹೇಳಿ ತಂದುಕೊಟ್ಟಿದ್ದು. ಅದೇ ಸಾಕಾ? ಮತ್ತೆ ಓಡಾಟಕ್ಕೆ ಆಟೋ ಖರ್ಚು ದಿನಾ ತಡೆಯೋಕಾಗಲ್ಲ.

ಕೋಟೆ ಕೆಳಗಿನವನು, ಚಿತ್ರದುರ್ಗ:

ಅಕ್ಕಾ, ಆ ರಿಂಗನ್ನು ಇವತ್ತೇ ತೆಗೆದಿಡಿ! ನಡುವೆ ತೂತು ಇರೋದರಿಂದ ಹುಣ್ಣಿಗೆ ಒಳ್ಳೆಯದು ಅನಿಸುತ್ತೆ, ಆದರೆ ಸುತ್ತಲಿನ ಚರ್ಮವನ್ನು ಒತ್ತಿ ನಡುವಿನ ಜಾಗಕ್ಕೆ ಹೋಗುವ ರಕ್ತವನ್ನೇ ತಡೆಯುತ್ತೆ. ಬೆನ್ನುಹುರಿಯ ಡಾಕ್ಟರುಗಳೆಲ್ಲ ಇದನ್ನು ಬೇಡ ಅಂತಾರೆ.

ಫೋಮ್, ಜೆಲ್, ಗಾಳಿಯ ಗುಳ್ಳೆಗಳದ್ದು ಅಂತ ಬೇರೆ ಬೇರೆ ಕುಶನ್ ಬರುತ್ತೆ. ಯಾವುದು ಸರಿ ಅಂತ ಕೂರಿಸಿ ನೋಡಿಯೇ ಹೇಳಬೇಕು. ಗಾಳಿಯದ್ದಾದರೆ ಅವನು ಕೂತ ಮೇಲೆ ಕೂರುವ ಮೂಳೆಯ ಕೆಳಗೆ ಕುಶನ್ನಿಗೂ ಮೂಳೆಗೂ ನಡುವೆ ಕೈ ಹಾಕಿ ನೋಡಿ. ಮೂಳೆಯಿಂದ ಕುಶನ್ನಿನ ತಳಕ್ಕೆ ಅರ್ಧದಿಂದ ಒಂದು ಇಂಚು ಗಾಳಿ ಉಳಿದಿರಬೇಕು. ತಳಕ್ಕೆ ತಾಗಿದ್ದರೆ ಕುಶನ್ ಇದ್ದೂ ಇಲ್ಲದ ಹಾಗೆ. ದಿನಾ ನೋಡಬೇಕು, ಗಾಳಿ ಇಳಿಯುತ್ತೆ. ಹಿಂದಿನ ಜೇಬಿಗೆ ಗುಂಡಿ ಇರುವ ಜೀನ್ಸ್ ಬೇಡ, ದಪ್ಪ ಹೊಲಿಗೆ ಇರುವ ಪ್ಯಾಂಟೂ ಬೇಡ.

ಓಡಾಟಕ್ಕೆ, ವಿಕಲಚೇತನರ ಇಲಾಖೆಯಿಂದ ಪಕ್ಕದಲ್ಲಿ ಚಕ್ರ ಇರುವ ಯಂತ್ರಚಾಲಿತ ಸ್ಕೂಟರ್ ಕೊಡುವ ಯೋಜನೆ ಇದೆ. ಸರ್ಕಾರದ ಆನ್‌ಲೈನ್ ತಾಣ ಸೇವಾ ಸಿಂಧುವಿನಲ್ಲಿ ಅರ್ಜಿ, ಯುಡಿಐಡಿ ಅಂದರೆ ವಿಕಲಚೇತನರ ಗುರುತಿನ ಕಾರ್ಡ್ ಬೇಕು. ಅರ್ಜಿ ಕರೆದಾಗ ಮಾತ್ರ ಹಾಕೋಕಾಗೋದು, ಜಿಲ್ಲಾ ಅಂಗವಿಕಲರ ಕಚೇರಿಯಲ್ಲಿ ಕೇಳುತ್ತಾ ಇರಿ. ಬಂದ ಮೇಲೂ ಸ್ಕೂಟರಿನ ಸೀಟಿನ ಮೇಲೆ ಕುಶನ್ ಹಾಕಿಕೊಂಡೇ ಓಡಿಸಬೇಕು, ನಿಮ್ಮ ಕಡೆ ರಸ್ತೆ ಹೇಗಿದೆ ಅಂತ ನನಗೆ ಗೊತ್ತು.

ದಾವಣಗೆರೆ ಕೇಂದ್ರದವರು ಒಪ್ಪದೇ ಹೋದರೆ ಸ್ವಉದ್ಯೋಗ ತರಬೇತಿ ಕೊಡುವ ನಮ್ಮ ದುರ್ಗದ ರುಡ್‌ಸೆಟ್ಟಿನಲ್ಲೂ ವಿಚಾರಿಸಿ. 1982ರಲ್ಲಿ ಉಜಿರೆಯಲ್ಲಿ ಶುರುವಾದ ಸಂಸ್ಥೆಯ ಶಾಖೆ. ತರಬೇತಿ, ಊಟ, ವಸತಿ ಉಚಿತ. ಕಲಿತು ಮುಗಿದ ಮೇಲೂ ಎರಡು ವರ್ಷ ವಿಚಾರಿಸಿಕೊಳ್ತಾ ಇರ್ತಾರೆ, ಅದು ನನಗೆ ಇಷ್ಟ. ನಮ್ಮಂಥವರಿಗೆ ಅಡ್ಡಿಗಳು ಬರೋದು ಕೋರ್ಸ್ ಮುಗಿದ ಮೇಲೇ ಜಾಸ್ತಿ. ಅಲ್ಲಿ ಉಳಿಯೋ ವ್ಯವಸ್ಥೆ, ಟಾಯ್ಲೆಟ್ ಗಾಲಿಕುರ್ಚಿಗೆ ಆಗುತ್ತಾ ಅಂತ ಮೊದಲೇ ಹೋಗಿ ಕಣ್ಣಾರೆ ನೋಡಿ. ಬೇಕಾದರೆ ನಾನೇ ಹೋಗಿ ನೋಡಿಕೊಂಡು ಬರ್ತೀನಿ.

ಹರಿಹರದವ:

ಟಾಯ್ಲೆಟ್ ವಿಷಯ ಓದಿ ಸಂಕಟ ಆಯಿತು. ತಂಗೀ, ಆ ಹುಡುಗ ರಿಪೇರಿಯನ್ನೇ ಕಲಿಯಲಿ. ನಮ್ಮದು ಮರಗೆಲಸ. ಟೇಬಲ್ ಎತ್ತರ ಮಾಡಿಸೋದಾದರೆ ಅಳತೆ ಕಳಿಸು, ಮಾಡಿಕೊಡ್ತೀನಿ.

ಅಡಿಕೆ ಊರಿನ ಅಕ್ಕ:

ಅಣ್ಣಾ, ನಿಮ್ಮ ಮಾತು ಕೇಳಿ ಅಮ್ಮನಿಗೆ ಕಣ್ಣೀರೇ ಬಂತು. ರಿಂಗ್ ತೆಗೆದಿಟ್ಟಿದ್ದೀನಿ. ಡಾಕ್ಟರಿಗೆ ಗಾಯ ತೋರಿಸಿ, ಬುಧವಾರ ಸಿಆರ್‌ಸಿಗೆ ಕರ್ಕೊಂಡು ಹೋಗ್ತೀವಿ. ಬರ್ತೀನಿ ಅಂದಿದ್ದಾನೆ, ತರಬೇತಿಗೆ ಹೋಗ್ತೀನಿ ಅಂತ ಇನ್ನೂ ಅಂದಿಲ್ಲ, ನಾನೂ ಕೇಳಿಲ್ಲ. ಏನೇನು ತಗೊಂಡು ಹೋಗಬೇಕು?

ಥೆರಪಿಯವಳು, ದಾವಣಗೆರೆ:

ಕೇಳದೇ ಇದ್ದದ್ದು ಒಳ್ಳೆಯದಾಯಿತು. ಯುಡಿಐಡಿ ಕಾರ್ಡ್, ಆಧಾರ್, ಆಪರೇಷನ್ ಮತ್ತು ಹುಣ್ಣಿನ ಎರಡೂ ಡಿಸ್ಚಾರ್ಜ್ ಸಮ್ಮರಿ, ಈಗಿನ ಮಾತ್ರೆಗಳು. ಅವನ ಸ್ವಂತ ಗಾಲಿಕುರ್ಚಿಯಲ್ಲೇ ಕರ್ಕೊಂಡು ಬನ್ನಿ, ಬೇರೆಯವರದ್ದು ಬೇಡ. ಡಾಕ್ಟರು ಕೂರಬಹುದು ಅಂತ ಹೇಳಿರದಿದ್ದರೆ ಗಾಡಿಯಲ್ಲಿ ಮಲಗಿಸಿಕೊಂಡೇ ಬನ್ನಿ. ಪಿಜೆ ಬಡಾವಣೆಯವರೇ, ನಿಮ್ಮ ಟೇಬಲ್ಲಿನ ಎತ್ತರ, ಕೆಳಗೆ ಮಂಡಿ ಹಿಡಿಸುವ ಜಾಗದ ಅಗಲ ಅಳೆದು ಇಲ್ಲಿ ಹಾಕ್ತೀರಾ? ಹರಿಹರದ ಅಣ್ಣನಿಗೂ ಅದೇ ಅಳತೆ ಬೇಕಾಗುತ್ತೆ.

ಪಿಜೆ ಬಡಾವಣೆ ಮೊಬೈಲ್ಸ್:

ನಾಳೆ ಅಂಗಡಿ ತೆಗೆದ ತಕ್ಷಣ ಅಳೆದು ಹಾಕ್ತೀನಿ. ಬೋರ್ಡ್‌ಗಳನ್ನ ಬುಧವಾರ ಸಿಆರ್‌ಸಿ ಹತ್ತಿರವೇ ತಂದು ಕೊಡ್ತೀನಿ, ಅದಕ್ಕಂತ ಇನ್ನೊಮ್ಮೆ ಓಡಾಡಬೇಡಿ.